ಭಾನುವಾರದ ಯಂತ್ರ

ಸಾಲ್ಮನ್ ಕಂಪನಿ ಮುಚ್ಚಿದ ವರ್ಷ ಹರಾಜಿನಲ್ಲಿ
ಅದಕ್ಕೆ ಯಾರೂ ಕೈಯೆತ್ತಲಿಲ್ಲ.
ನಾನೆತ್ತಿದೆ. ಮೂವತ್ತು ಕಿಲೋ ಸರ್ವರು,
ಎರಡು ಪ್ರೊಸೆಸರು, ತಲಾ ಹತ್ತು ಕೋರು,
ಸಾಲಾಗಿ ಆರು ಫ್ಯಾನು.
ಪುಂತಾ ಅರೇನಾಸಿನ ಗಾಳಿಗೇ
ಎದುರುತ್ತರ ಕೊಡುವ ಸದ್ದು.

ಅಲ್ಲಿ ಅದು ಮೀನು ಎಣಿಸುತ್ತಿತ್ತು.
ಇಲ್ಲಿ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ,
ನನ್ನ ದನಿ ಕಾಯುವ ಕೆಲಸ.
ಇಪ್ಪತ್ತಾರು ವರ್ಷ, ಸಂಜೆ ಏಳಕ್ಕೆ,
ರೇಡಿಯೋದಲ್ಲಿ ನಾನು ಓದಿದ ಸಂದೇಶಗಳು:
ಫೋನು ಮುಟ್ಟದ ಕುರಿಹಟ್ಟಿಗಳಿಗೆ,
ದೀಪಸ್ತಂಭಗಳಿಗೆ, ಜಲಸಂಧಿಯ ಆಚೆ ದಡಕ್ಕೆ.

"ಪೊರ್ವೆನೀರಿನ ದೋನ್ಯಾ ಎರ್ಮೆಲಿಂದಾ ಅವರಿಗೆ:
ಹಿಟ್ಟಿನ ಚೀಲ ಎರಡು ಕಳಿಸಿದೆ.
ಹಲ್ಲುನೋವು ಹೇಗಿದೆ?"

"ಬೆಲಿಸಾರಿಯೊಗೆ: ಹೆಣ್ಣು ಮಗು. ಇಬ್ಬರೂ ಕ್ಷೇಮ.
ಕುದುರೆ ಮಾರಬೇಡ."

ಜುಲೈ ತಿಂಗಳ ಕರೆಂಟು ಬಿಲ್ಲು ನೋಡಿ
ಅಣ್ಣನ ಮಗ ಎಲಿಯೆಸೆರ್ ಒಂದು ವಾಟ್‌ಮೀಟರು ತಂದ.
ಏನೂ ಮಾಡದೆ ಕೂತಾಗಲೂ ನೂರ ಎಂಬತ್ತು.
ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು,
ನನ್ನ ಪಿಂಚಣಿ ಎಲ್ಲಿ ಸಾಲಬೇಕು?

ಮರುವಾರ ಸುಂಕವಿಲ್ಲದ ಪೇಟೆಯಿಂದ
ಸಾಬೂನಿನ ಡಬ್ಬಿಯಷ್ಟರದೊಂದನ್ನು
ಕೋಟಿನ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.
ನಾಲ್ಕೇ ಕೋರು. ಫ್ಯಾನಿಲ್ಲ. ಏಳು ವಾಟು.
ಬದುಕಿದೆಯೋ ಇಲ್ಲವೋ ಅಂತ
ನಾನು ಕಿವಿಯಿಟ್ಟು ಕೇಳಿದೆ.

ಪಂದ್ಯ ಕಟ್ಟಿದೆವು.
ಒಂದು ಟೇಪಿನ ಕರಕರ ಸದ್ದು ತೆಗೆಯಲು
ಪುಟ್ಟದಕ್ಕೆ ಒಂಬತ್ತು ನಿಮಿಷ,
ಹಳೆಯದಕ್ಕೆ ಹದಿನಾಲ್ಕು.
ನನಗೆ ಯಾಕೋ ಮುಖಭಂಗ.
ಇಪ್ಪತ್ತು ಟೇಪು ಒಟ್ಟಿಗೆ ಹಾಕು ಅಂದೆ.
ಹಳೆಯದು ಭೋರೆಂದು ಹದಿನೆಂಟಕ್ಕೇ ಮುಗಿಸಿತು,
ಪುಟ್ಟದು ಕೈಸುಡುವಷ್ಟು ಕಾದು
ಮುಕ್ಕಾಲು ಗಂಟೆ ದಾಟಿತು.
"ದಿನಾ ಇಪ್ಪತ್ತು ಟೇಪು ಯಾರು ಹಾಕ್ತಾರೆ, ಅತ್ತೆ?"
ಎಂದ ಎಲಿಯೆಸೆರ್.
ಯಾರೂ ಇಲ್ಲ. ಅದೂ ನಿಜ.

ಆದರೆ ಹಳೆಯದಕ್ಕೊಂದು ಅಭ್ಯಾಸವಿದೆ.
ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ
ದಿನಚರಿಯಲ್ಲಿ ಒಂದು ಸಾಲು ಬರೆಯುತ್ತದೆ:
ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿತ್ತು, ತಿದ್ದಿದ್ದೇನೆ.
ಅಷ್ಟೇ. ಯಾರದು, ಯಾಕೆ, ಒಂದೂ ಇಲ್ಲ.
ಪುಟ್ಟದರ ಮೆಮೊರಿಗೆ ಆ ವಿದ್ಯೆ ಕಲಿಸಿಲ್ಲ.
ತಪ್ಪಿದರೆ ತಪ್ಪಿದ್ದೂ ಗೊತ್ತಾಗದೆ
ನಿಶ್ಶಬ್ದವಾಗಿ ಮುಂದೆ ಹೋಗುತ್ತದೆ.

ನಾನೂ ಹಾಗೆಯೇ ಹೋಗಿದ್ದೆ ಒಮ್ಮೆ.
ಚೀಟಿಯಲ್ಲಿ ಗುರುವಾರ ಎಂದಿತ್ತು,
ಮಂಗಳವಾರ ಅಂತ ಓದಿದೆ.
ಔದಿಲಿಯೊ ಎಂಬ ಕುರಿಗಾಹಿ
ಬಾರದ ದೋಣಿಗೆ ಎರಡು ದಿನ
ಹಿಮದಲ್ಲಿ ಧಕ್ಕೆಯ ಮೇಲೆ ನಿಂತಿದ್ದನಂತೆ.
ಕಾಲಿನ ಎರಡು ಬೆರಳು ಹೋದವು.
ವರ್ಷಗಳ ಮೇಲೆ ಎದುರಿಗೆ ಸಿಕ್ಕಾಗ
"ನಿಮ್ಮ ದನಿ ಚೆನ್ನಾಗಿತ್ತು" ಅಂದ, ಅದಕ್ಕಿಂತ ಹೆಚ್ಚಿಲ್ಲ.
ಆ ಟೇಪು ಸಂಖ್ಯೆ ಒಂದು ಸಾವಿರದ ನಲವತ್ತು.
ಎರಡೂ ಯಂತ್ರಗಳಲ್ಲಿ
ಒಂದು ಚೂರೂ ಕೆಡದೆ ಉಳಿದಿದೆ.

ಈಗ ವಾರವೆಲ್ಲ ಪುಟ್ಟದೇ ಓಡುತ್ತದೆ.
ಮೀಟರಿನ ಚಕ್ರ ಉಸಿರಾಡಿಕೊಂಡು ತಿರುಗುತ್ತದೆ,
ಕೋಣೆ ತಣ್ಣಗೆ, ಬೆಕ್ಕು ಬೇರೆ ಮನೆ ಹುಡುಕಿಕೊಂಡಿದೆ.
ಭಾನುವಾರ ಬೆಳಿಗ್ಗೆ ಹಳೆಯದನ್ನು ಎಬ್ಬಿಸುತ್ತೇನೆ.
ಎರಡೂ ಪ್ರತಿಗಳನ್ನು ಎದುರುಬದುರು ಕೂರಿಸಿ
ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ ಅದು,
ಊರಿಗೆಲ್ಲ ಕೇಳುವಂತೆ ಊದುತ್ತಾ.

ಎಲಿಯೆಸೆರ್‌ಗೆ ಹೇಳದ ಸಂಗತಿ ಇನ್ನೊಂದಿದೆ.
ಅದರ ಬೆನ್ನ ಮೇಲೆ, ಒದ್ದೆ ಬಟ್ಟೆ ಮುಚ್ಚಿ,
ಬ್ರೆಡ್ಡಿನ ಹಿಟ್ಟು ಇಡುತ್ತೇನೆ.
ಈ ಚಳಿಯಲ್ಲಿ ಬೇರೆಲ್ಲೂ ಅದು ಉಬ್ಬುವುದಿಲ್ಲ.
ಪುಟ್ಟದರ ಮೇಲೂ ಒಮ್ಮೆ ಇಟ್ಟು ನೋಡಿದೆ:
ಒಂದು ಬನ್ನಿನಷ್ಟೂ ಜಾಗವಿಲ್ಲ.