ಸಮುದ್ರಕ್ಕೆ ಒಂದು ಗೇಣು ಕೆಳಗೆ

ಬೇರೆ ಮಕ್ಕಳ ಎತ್ತರ ನೆಲದಿಂದ ಮೇಲಕ್ಕೆ.
ನಮ್ಮದನ್ನು ಅಜ್ಜ ಸಮುದ್ರದಿಂದ ಕೆಳಕ್ಕೆ ಅಳೆದ.

ಅಡುಗೆಮನೆಯ ಬಾಗಿಲ ಚೌಕಟ್ಟು, ಮೇಲೆ ಒಂದು ನೀಲಿ ಗೆರೆ:
ಸೊನ್ನೆ. ಅಲ್ಲಿಯವರೆಗೂ ನೀರು, ಎಂದ,
ಒಡ್ಡು ಇರದಿದ್ದರೆ, ಪಂಪು ನಿಂತರೆ.
ಐದು ವರ್ಷದ ನಾನು ಮೈನಸ್ ತೊಂಬತ್ತು.
ಬಿಸ್ಕತ್ತು ಕಡಿಯುತ್ತಾ, ತಲೆಯ ಮೇಲೆ ಮೀನು ಹಾಯುವುದನ್ನು
ಅಂದು ಸಂಜೆಯೆಲ್ಲ ನೋಡಿದೆ.

ವೀಬ್ರೆನ್ ಟೆರ್ಪ್‌ಸ್ಟ್ರಾ. ತೊಂಬತ್ತಾರು ವರ್ಷ.
ಹೊಲಕ್ಕೆ ನೀರು ತರುವ ಇಂಜಿನಿಯರ್ ಅಲ್ಲ,
ಹೊಲದ ನೀರನ್ನು ಎತ್ತಿ ಹೊರಗೆ ಸುರಿಯುವವ.
ಫ್ರೀಸ್‌ಲಾಂಡಿನ ಆ ತಗ್ಗಿನಲ್ಲಿ
ಹಸು ನೆಮ್ಮದಿಯಾಗಿ ಮೇಯುವುದೂ
ಯಾರೋ ಒಬ್ಬ ಎಚ್ಚರವಿರುವುದರಿಂದ.

ಪಂಪುಮನೆಗೆ ಅಂಟಿಕೊಂಡೇ ಮನೆ.
ಸದ್ದಿನಲ್ಲಿ ಗೊರಕೆ ಹೊಡೆಯುತ್ತಿದ್ದ, ಸದ್ದು ನಿಂತರೆ ಏಳುತ್ತಿದ್ದ.
ಪೈಜಾಮದ ಮೇಲೆ ಕೋಟು, ಬರಿಗಾಲಿಗೆ ಮರದ ಜೋಡು,
“ಬಂದೆ, ಬಂದೆ” ಎನ್ನುವುದು ಡೀಸೆಲ್ ಎಂಜಿನ್ನಿಗೆ,
ತೊಟ್ಟಿಲ ಕೂಸಿಗೆ ಹೇಳುವ ದನಿಯಲ್ಲಿ.
ಗೇಸ್ಕೆ ಅಜ್ಜಿ ಅನ್ನುತ್ತಿದ್ದಳು: ನಾನು ಹೆತ್ತ ನಾಲ್ಕೂ ಅತ್ತಾಗ
ಈ ಮಹಾರಾಯ ಮಗ್ಗುಲು ಬದಲಿಸಲಿಲ್ಲ.
ಮೊಮ್ಮಕ್ಕಳು ಬಂದ ಮೇಲೆ ಕಿವಿ ಬಂತು.

ದಿನಚರಿ ನಲವತ್ತು ಪುಸ್ತಕ, ಅಂಚಿಗೆಲ್ಲ ಎಣ್ಣೆಯ ಬೆರಳು.
‘ಗಾಳಿ ವಾಯವ್ಯ, ಏಳು. ಕಾಲುವೆ ಮೈನಸ್ ಐವತ್ತೆರಡು.
ನಿನ್ಕೆಯ ಮುಂದಿನ ಹಲ್ಲು ಬಿತ್ತು, ಎಡದ್ದು.’
‘ಎರಡನೇ ಪಂಪಿನ ಬೇರಿಂಗ್ ಬಿಸಿ. ಯೆಲ್ಮರನೂ ಬಿಸಿ,
ಮೂವತ್ತೆಂಟು ಪಾಯಿಂಟ್ ಆರು.’
ಯಾವುದಕ್ಕೂ ಅಡಿಗೆರೆ ಇಲ್ಲ. ಒಂದೇ ಶಾಯಿ.

ಕಾಲುವೆ ಹೆಪ್ಪುಗಟ್ಟಿದರೆ ಮೊದಲು ಇಳಿಯುವವನು ಅವನು, ಕೈಡ್ರಿಲ್ ಹಿಡಿದು.
ಹನ್ನೊಂದು ಕಡೆ ತೂತು. ಹನ್ನೊಂದರಲ್ಲೂ ಎಂಟು ಸೆಂಟಿಮೀಟರ್ ಸಿಗುವತನಕ
ನಾವು ಸ್ಕೇಟು ಕಟ್ಟಿಕೊಂಡು ದಡದಲ್ಲಿ ಕೂತು ನಡುಗಬೇಕು.
ಊರ ಹುಡುಗರೆಲ್ಲ ಜಾರಿ, ಬಿದ್ದು, ಎದ್ದು, ಮನೆಗೆ ಹೋದ ಮೇಲೆ
“ಹೂಂ, ಹೊರಡಿ ಇನ್ನು.”
ಕೈಗೊಂದು ಪೆಪ್ಪರ್‌ಮಿಂಟು, ಜೇಬಿನ ನೂಲೂ ಸೇರಿ.

ಐವತ್ತಮೂರರ ಫೆಬ್ರವರಿಯ ಮಾತೆತ್ತಿದರೆ ಮಾತ್ರ
ಕಪ್ಪು ತೊಳೆಯಲು ಏಳುತ್ತಿದ್ದ.
ಇಪ್ಪತ್ತಾರರ ಹುಡುಗ, ತೆಂಕಣ ಜೀಲಾಂಡಿಗೆ ಕಳಿಸಿದ್ದರು,
ಒಡ್ಡು ಒಡೆದ ಮೂರನೇ ದಿನ. ಇಷ್ಟೇ ಗೊತ್ತು.
ಮತ್ತೆ ಇದೊಂದು ಗೊತ್ತು: ಬಿರುಗಾಳಿಯ ಪ್ರತಿ ರಾತ್ರಿ
ಏಳು ಮೊಮ್ಮಕ್ಕಳಿಗೆ ಏಳು ಊರಿಗೆ ಫೋನು,
ಮಲಗುವುದು ಮಹಡಿಯ ಮೇಲೋ, ಕೆಳಗೋ?
ನಾನು ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿದ್ದಾಗಲೂ ಕೇಳಿದ.
ಅಜ್ಜ, ಇಲ್ಲಿ ಸಮುದ್ರದಿಂದ ಸಾವಿರದ ಐನೂರು ಮೀಟರ್ ಮೇಲೆ, ಎಂದೆ.
ಸ್ವಲ್ಪ ಹೊತ್ತು ಲೆಕ್ಕ ಹಾಕಿದ.
“ಆದರೂ,” ಎಂದ.

ಯೆಲ್ಮರ್ ಹದಿನೇಳಕ್ಕೆ ನೀಲಿ ಗೆರೆ ಮುಟ್ಟಿದ.
ಅಜ್ಜ ಟೋಪಿ ತೆಗೆದು ಕೈ ಕುಲುಕಿದ.
ನಾನು ನಿಂತದ್ದು ಮೈನಸ್ ಹದಿನೆಂಟಕ್ಕೆ, ಒಂದು ಗೇಣು ಸಾಲದೆ.
ಮೂವತ್ತು ದಾಟಿದರೂ ಹುಟ್ಟುಹಬ್ಬಕ್ಕೆ ಮತ್ತೆ ನಿಲ್ಲಿಸಿ ಅಳೆಯುತ್ತಿದ್ದ,
ಎಲ್ಲಿ, ಹೋದ ಸಲ ನನ್ನದೇ ತಪ್ಪಿರಬಹುದು, ಎಂದು.

ತನ್ನದನ್ನೂ ಅಳೆದುಕೊಂಡ. ತೊಂಬತ್ತಕ್ಕೆ ಏಳು ಸೆಂಟಿಮೀಟರ್ ಇಳಿದಿತ್ತು ತಲೆ.
ಲೆವೆಲ್ಲು ತರಿಸಿ, ಒಂದು ಕಣ್ಣು ಮುಚ್ಚಿ, ನೆಲವನ್ನು ಮೂಲೆಮೂಲೆ ನೋಡಿದ.
ದಿನಚರಿಯಲ್ಲಿ ಆ ಸಂಜೆ:
‘ಮನೆ ಕುಸಿದಿಲ್ಲ. ನಾನೇ.’

ಗುಂಡಿ ತೋಡಿದ ಹುಡುಗನನ್ನು ಕೇಳಿದೆ, ಎಷ್ಟು ಆಳ.
ನೆಲದಿಂದ ಹೇಳಿದ. ಅವನಿಗೇನು ಗೊತ್ತು ಪಾಪ.
ಮನಸ್ಸಿನಲ್ಲೇ ಕೂಡಿದೆ. ಅಲ್ಲ, ಕಳೆದೆ.
ಪಂಪು ಈಗ ವಿದ್ಯುತ್ತಿನದು,
ನಡೆಯುತ್ತಿದೆಯೋ ನಿಂತಿದೆಯೋ
ಕಿವಿಗೊಟ್ಟರೂ ತಿಳಿಯದು.
ಪಕ್ಕದಲ್ಲಿ ಯೆಲ್ಮರ್, ಸೊನ್ನೆ ಮುಟ್ಟಿದವನು, ಬಗ್ಗಿ ನಿಂತಿದ್ದ,
ನನಗಿಂತ ಗಿಡ್ಡ.

ರಾತ್ರಿ ಗಾಳಿ ವಾಯವ್ಯಕ್ಕೆ ತಿರುಗಿತು.
ಹನ್ನೊಂದಕ್ಕೆ ಫೋನು. ಯೆಲ್ಮರ್. ಉಸಿರಷ್ಟೇ, ಮಾತಿಲ್ಲ.
“ಮೇಲೆ,” ಎಂದೆ.