ಬಚ್ಚಲ ಗೋಡೆ

ಹದಿನಾರು ವರ್ಷದಿಂದ ಊರವರ ಮೀಟರು ಓದುತ್ತೇನೆ.
ಯಾರ ಮನೆಯಲ್ಲಿ ಗೀಸರು, ಯಾರ ಮನೆಯಲ್ಲಿ ಬರೀ ಬಲ್ಬು,
ಬಾಗಿಲು ತಟ್ಟುವ ಮೊದಲೇ ನನಗೆ ಗೊತ್ತು.
ಸ್ವಂತದ್ದೊಂದು ಮೀಟರು ನಮ್ಮ ಜಗಲಿಗೆ ಬಂದದ್ದು
ಈ ಕಾರ್ತಿಕದಲ್ಲಿ. ಹೊಸನಗರದ ಹೊರಗೆ,
ಇಪ್ಪತ್ತು ಮೂವತ್ತರ ಸೈಟು, ಎರಡು ಕೋಣೆ,
ಗಿಲಾವು ಒಳಗಷ್ಟೇ ಆಗಿದೆ, ಹೊರಗೆ ಜಂಬಿಟ್ಟಿಗೆ ಬೆತ್ತಲೆ.

ಮಾರ್ಗಶಿರ ಹತ್ತಿತು.
ಥಂಡಿ ಹಂಚಿನ ಸಂದಿಯಲ್ಲಿ ಇಳಿದು
ನೇತ್ರಾವತಿಯ ಹೊಲಿಗೆ ಮಿಷನ್ನಿನ ಮೇಲೆ ಕೂತಿತು.
ರಾತ್ರಿ ಹತ್ತರ ಮೇಲೆ ಅವಳ ಬೆರಳು
ಒದ್ದೆ ಹಗ್ಗದ ಹಾಗೆ ಸೆಟೆದುಕೊಳ್ಳುತ್ತವೆ.
ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ.
ಮೂರು ರವಕೆ ಬಾಕಿ. ಮದುವೆ ಬುಧವಾರ.

ಬಿಸ್ಕತ್ತಿನ ಡಬ್ಬದಲ್ಲಿ ಉಳಿದದ್ದು ಮೂರು ಸಾವಿರದ ಎಂಟುನೂರು,
ಅದರಲ್ಲಿ ಎಂಟುನೂರು ಬಡಗಿಯದ್ದು.
ಸಾಗರಕ್ಕೆ ಹೋದೆವು.
ಅಂಗಡಿ ಹುಡುಗ ಒಂದೊಂದಾಗಿ ಹಚ್ಚಿ ತೋರಿಸಿದ:
ಕೆಂಪು ಸರಳಿನದು, ಬಿಸಿಗಾಳಿ ಊದುವುದು,
ಎಣ್ಣೆ ತುಂಬಿದ ಪಕ್ಕೆಲುಬಿನದು, ಅದಕ್ಕೆ ಚಕ್ರ ಬೇರೆ.
ಬಲ್ಬು ಕೊಳ್ಳಲು ಬಂದವರು,
ಹಾದಿ ಕೇಳಲು ಬಂದ ಒಬ್ಬ ಕೂಡ
ಸರಳಿನ ಮುಂದೆ ಅಂಗೈ ಚಾಚಿ ನಿಂತರು,
ಮಂಗಳಾರತಿಗೆ ನಿಂತ ಹಾಗೆ.
ನೇತ್ರಾವತಿಯೂ. ಅವಳ ಬೆರಳು ಬಿಡಿಸಿಕೊಳ್ಳುವುದನ್ನು
ಓರೆಗಣ್ಣಲ್ಲಿ ನೋಡಿದೆ.

ಆದರೆ ನನ್ನ ತಲೆಯೊಳಗೆ ಹಳೆ ಮೀಟರಿನ ಗಾಲಿ ತಿರುಗತೊಡಗಿತ್ತು.
ಎರಡು ಸಾವಿರ ವ್ಯಾಟು, ಗಂಟೆಗೆ ಎರಡು ಯೂನಿಟ್ಟು,
ರಾತ್ರಿಗೆ ಐದು ಗಂಟೆ, ಇಂಥ ಅರವತ್ತು ರಾತ್ರಿ.
ಊರಿಗೆಲ್ಲ ಚೀಟಿ ಹರಿದುಕೊಟ್ಟವನಿಗೆ
ತನ್ನದನ್ನು ಹರಿದುಕೊಳ್ಳಲು ಕೈ ಬರಲಿಲ್ಲ.
ಎಣ್ಣೆಯದು ಕರೆಂಟು ಕಮ್ಮಿ ತಿನ್ನುತ್ತೆ, ಎಂದ ಹುಡುಗ.
ವ್ಯಾಟಿಗೆ ವ್ಯಾಟೇ ಕಣಪ್ಪ, ಅದು ನಿಧಾನಕ್ಕೆ ಆರುತ್ತೆ ಅಷ್ಟೆ, ಎಂದೆ.
ಅವನಿಗೆ ಬೇಸರವಾಯಿತು. ಅವಳಿಗೂ.

ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ.
ಅಗ್ಗಿಷ್ಟಿಕೆ ಇಡೋಣವೇ, ಎಂದೆ.
ಬಾಗಿಲು ಹಾಕಿ ಕೆಂಡ ಇಟ್ಟು ಮಲಗಿದವರು
ಏಳುವುದಿಲ್ಲ, ಎಂದಳು ಕಿಟಕಿಗೆ.

ಮರುದಿನ ಬಾಕಿ ಕೂಲಿಗೆ ಬಂದ ಗಾಮಪ್ಪ ಮೇಸ್ತ್ರಿ
ಕೋಣೆಯಲ್ಲಿ ಊದುಬತ್ತಿ ಹಚ್ಚಿ ಹಿಡಿದ.
ಹೊಗೆ ನೆಟ್ಟಗೆ ಎದ್ದು, ಅರ್ಧಕ್ಕೆ ಬಾಗಿ,
ಗೋಡೆ ಹಂಚು ಕೂಡುವಲ್ಲಿ ನುಸುಳಿ ಹೋಯಿತು.
"ತೂತಿನ ಕೊಡಕ್ಕೆ ಬಾವಿ ದೊಡ್ಡದಾದರೆ ಏನು ಬಂತು?"
ಆಮೇಲೆ ಗೋಡೆ ತಟ್ಟಿದ. "ಹಂಡೆ ಒಲೆ ಇದರ ಬೆನ್ನಿಗೇ ಇದೆ.
ಮಿಷನ್ನು ಕಿಟಕಿಗೆ ಯಾಕೆ ಇಟ್ಟಿರಿ?"
"ಬೆಳಕಿಗೆ."
"ರಾತ್ರಿ ಯಾವ ಬೆಳಕು ತಾಯಿ?"

ಗೋಣಿ, ಸಿಮೆಂಟಿನ ಚೀಲ, ರವಕೆಯ ಚೂರುಬಟ್ಟೆ
ತುರುಕಿ ಸಂದಿ ಮುಚ್ಚಿದೆವು. ಕಿಟಕಿಯ ಮೇಲೆ
ಒಂದು ಗೇಣು ಬಿಟ್ಟೆವು, ಉಸಿರಿಗೆ.
ಖರ್ಚು ನೂರ ಇಪ್ಪತ್ತು, ಚಹಾ ಸೇರಿ.

ಈಗ ಸಂಜೆ ಆರಕ್ಕೆ ನಾನು ಹಂಡೆಗೆ ಸೌದೆ ಒಟ್ಟುತ್ತೇನೆ.
ಒಂಬತ್ತರ ಹೊತ್ತಿಗೆ ಗೋಡೆ ಬೆಚ್ಚಗಾಗುತ್ತದೆ,
ನಡುವೆ ಮಾತ್ರ, ಮಲಗಿದ ಎಮ್ಮೆಯ ಹೊಟ್ಟೆಯಷ್ಟು.
ಕೋಣೆ ಬೆಚ್ಚಗಿಲ್ಲ, ಸುಳ್ಳೇಕೆ ಹೇಳಲಿ.
ಮೂಲೆ ತಣ್ಣಗೇ ಇದೆ. ಅದು ನನ್ನ ಮೂಲೆ.
ಅವಳು ಬೆನ್ನು ಕೊಟ್ಟು ಕೂತು ಹೊಲಿಯುತ್ತಾಳೆ,
ಒಂದು ತೋಳು ಮುಗಿದರೆ ಅಂಗೈ ಗೋಡೆಗೆ ಒತ್ತುತ್ತಾಳೆ.
ದಾರ ಪೋಣಿಸಲು ಕರೆಯುವುದಿಲ್ಲ.
ನಾನೇ ಒಮ್ಮೊಮ್ಮೆ ಕೇಳುತ್ತೇನೆ, ಬೇಕಾ ಎಂದು.

ತಿಂಗಳ ಮೊದಲ ದಿನ ಜಗಲಿಯಲ್ಲಿ ನಿಂತು
ನನ್ನ ಮೀಟರು ನಾನೇ ಓದಿದೆ: ಮೂವತ್ತೊಂದು.
ಚೀಟಿ ಹರಿದು ಬಾಗಿಲು ತಟ್ಟಿದೆ.
ಯಾರು, ಎಂದಳು ಒಳಗಿನಿಂದ.
ಕರೆಂಟಿನವರು, ಎಂದೆ.
ಬೇಗ ಒಳಗೆ ಬಂದು ಬಾಗಿಲು ಹಾಕಿ, ಎಂದಳು,
ಬಿಸಿ ಹೋಗುತ್ತೆ.