ತಿದ್ದುಪಡಿ

ಮೂರನೇ ಸಲ ಬಂದಿದ್ದಾರೆ ನ್ಯೂಟೌನಿನ ಡೋರೀನಮ್ಮ,
ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ದಾಖಲೆ,
ನಾಲ್ಕರಲ್ಲೂ ನಾಲ್ಕು ಹೆಂಗಸರು.

ರೇಷನ್ ಕಾರ್ಡಿನಲ್ಲಿ ಡೋರೀನ್ ಕೇಳಿ.
ಏನು ಕೇಳಲಿ, ಅಕ್ಕಿಯೋ ರಾಗಿಯೋ ಎಂದು
ಅಂಗಡಿ ಜಬೀವುಲ್ಲಾ ತಿಂಗಳು ತಿಂಗಳೂ ನಗುತ್ತಾನಂತೆ.
ಕರೆಂಟು ಬಿಲ್ಲಿನಲ್ಲಿ ಡೋರೀನ್ ಕಳ್ಳಿ,
ಒಂದು ದಿನವೂ ಬಾಕಿ ಉಳಿಸಿಕೊಂಡವರಲ್ಲ.
ಗ್ಯಾಸಿನ ಪುಸ್ತಕದಲ್ಲಿ ಡೋರೀನ್ ಕೆಳದಿ:
ಸಾಗರದ ಕಡೆಯವರಿರಬೇಕೆಂದು ಹುಡುಗ ಊಹಿಸಿ ಬರೆದದ್ದು.
ಅದೊಂದು ಇರಲಿ ಬಿಡು, ಅಂದರು,
ಕೆಳದಿ ಅಂದರೆ ಗೆಳತಿ ಅಂತ ಕನ್ನಡ ಪಂಡಿತರು ಹೇಳಿಕೊಟ್ಟಿದ್ದರು.
ನಾಲ್ಕನೆಯದನ್ನು ತೋರಿಸಲಿಲ್ಲ.

ನಾನು ಕಂಪ್ಯೂಟರಿನ ಮುಂದೆ ಕೂತವಳು, ಹಾಲಮ್ಮ.
ನನಗೆ ಅಡ್ಡಹೆಸರಿಲ್ಲ.
ಹೆಸರಿನ ಮುಂದೆ ಹೊ, ಅದು ಹೊಳೆಹೊನ್ನೂರು,
ಪಕ್ಕದಲ್ಲಿ ಬೀ, ಅಪ್ಪ ಬೀರಪ್ಪನದು.
ಕೆಂಪು ನಕ್ಷತ್ರದ ಖಾನೆ ತುಂಬಲೇಬೇಕೆಂದು ಪರದೆ ಹಟ ಹಿಡಿದಾಗ
ಒಂದು ಚುಕ್ಕಿ ಒತ್ತಿದ್ದೆ.
ಸರ್ಕಾರದ ಲೆಕ್ಕದಲ್ಲಿ ನನ್ನ ಮನೆತನ ಚುಕ್ಕಿ,
ಈ ತಾಲ್ಲೂಕಿನಲ್ಲಿ ನಮ್ಮ ವಂಶದವರು ಸಾವಿರಾರು.

ಅದಕ್ಕೇ ಕೇಳಿದೆ:
ಕೆಲ್ಲಿ ಅಂದರೇನು?

ಕೊಡೆಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದರು.
ಐರ್ಲೆಂಡಿನಲ್ಲಿ ಯಾವುದೋ ಕಾಲದ ಯಜಮಾನ, ಕೆಲ್ಲಾಖ್ ಅಂತ,
ಕೊನೆಯ ಅಕ್ಷರ ಗಂಟಲು ಸರಿಮಾಡಿಕೊಂಡ ಹಾಗೆ.
ಅರ್ಥಕ್ಕೆ ನಮ್ಮ ಮನೆಯಲ್ಲೇ ಮೂರು ಪಕ್ಷ.
ಜಗಳ ಅಂತ ತಾತ,
ಕಬ್ಬಿಣದ ಕಾರ್ಖಾನೆಗೆ ಬಾಯ್ಲರ್ ರಿಪೇರಿಗೆ ಬಂದು
ಮೇಲಿನವನತ್ತ ಸ್ಪ್ಯಾನರ್ ಎಸೆದು, ಊರಿಗೆ ಹೋಗಲಾಗದೆ ಉಳಿದವನು.
ದೇವರ ಗುಡಿಗೆ ತಪ್ಪದೆ ಹೋಗುವವನು ಅಂತ ಅಮ್ಮ,
ಭಾನುವಾರ ಮಾವನನ್ನು ಎಬ್ಬಿಸಿ ಎಬ್ಬಿಸಿ ಸೋತವಳು.
ಹೊಳೆಯುವ ತಲೆ ಅಂತ ಅಣ್ಣ ಟೆರೆನ್ಸ್,
ಮೂವತ್ತಕ್ಕೇ ಬೋಳಾದ ಮೇಲೆ ಕಂಡುಕೊಂಡದ್ದು.
ಓದಿದವರೂ ಈ ಮೂರನ್ನೇ ಹಿಡಿದು ಕಿತ್ತಾಡುತ್ತಾರಂತೆ.

ಹಾಗಾದರೆ ಗೆದ್ದದ್ದು ತಾತನೇ, ಅಂದೆ.

ಅಲ್ಲಿ ಗುಂಪಿಗೆ ಕಲ್ಲೆಸೆದರೆ ಕೆಲ್ಲಿಗೇ ತಾಗುತ್ತಂತೆ.
ಮರ್ಫಿಗಳು ಮೊದಲು, ಇವರು ಎರಡನೆಯವರು.
ನಮ್ಮ ಸಂತೆಯಲ್ಲಿ ಹಾಲಪ್ಪಾ ಅಂದರೆ
ಸೊಪ್ಪಿನವನು, ಗಿರಾಕಿ, ಕಿಸೆಗಳ್ಳ ಎಲ್ಲ ತಿರುಗಿದ ಹಾಗೆ.
ಇಲ್ಲಿ?
ಮತದಾರರ ಪಟ್ಟಿಯಲ್ಲಿ ಹುಡುಕಿದೆ.
ಕೆಂಚಪ್ಪ ಎಪ್ಪತ್ತೊಂದು. ಕೆಲ್ಲಿ ಸೊನ್ನೆ.
ಕಿಲ್ಲಿ ಎಂದು ಒತ್ತಿ ನೋಡಿದೆ: ಒಂದು,
ಹೆಣ್ಣು, ವಯಸ್ಸು ಎಪ್ಪತ್ತೆಂಟು.
ಡೋರೀನಮ್ಮ ಕಿಟಕಿಯತ್ತ ನೋಡಿದರು.

ಮೊದಲು ಮುಂದೆ ಒಂದು ಓ ಇತ್ತು, ಅಂದರು.
ಓ ಕೆಲ್ಲಿ. ಓ ಅಂದರೆ ಮೊಮ್ಮಗ,
ಆಮೇಲೆ ಆ ಮೊಮ್ಮಗನ ಮೊಮ್ಮಗ.
ಇಂಗ್ಲಿಷರ ಕೆಲಸಕ್ಕೆ ಅದು ಅಡ್ಡಿ ಅಂತ
ಹಡಗು ಹತ್ತುವ ಮೊದಲೇ ಬಿಟ್ಟರಂತೆ.

ನನಗೆ ಅಜ್ಜಿ ನೆನಪಾದಳು:
ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ
ಮೂರು ಸಲ ಕೂಗುವ ತನಕ ಓ ಅನ್ನಬೇಡ.

ಒತ್ತುತ್ತಾ ಹೋದೆ. ಕ, ಅದಕ್ಕೆ ಎತ್ವ.
ದೀರ್ಘ ಬೇಡ, ಕೈ ಹಿಡಿದರು,
ದೀರ್ಘದಿಂದಲೇ ನಾನು ಹಾಳಾದದ್ದು.
ಲ, ಅದಕ್ಕೆ ಗುಡಿಸು, ಕೆಳಗೆ ಒತ್ತು.
ಕನ್ನಡಕ ಸರಿಸಿ ಓದಿಕೊಂಡರು, ಎರಡು ಸಲ.

ಸಹಿಗೆ ಒಳಗೆ ಹೋದ ಅರ್ಜಿ ಊಟದ ಹೊತ್ತಿಗೆ ಹೊರಬಂತು.
ಜವಾನ ಗಿಡ್ಡಪ್ಪ ಹಳೇ ಕಾರ್ಡು ನೋಡಿಯೇ ಕೂಗಿದ:
ಡೋರೀನ್ ಕೇಳಿ!
ಬೆಂಚಿನಲ್ಲಿ ಯಾರೂ ಏಳಲಿಲ್ಲ.
ಡೋರೀನ್ ಕೇಳೀ!
ಆಕೆಗೆ ಕಿವಿ ಮಂದ, ಹೇಳೋಣವೆಂದು ಎದ್ದೆ.
ಮೂರನೇ ಸಲ ಕೂಗಿದ.

ಓ, ಅಂದರು ಡೋರೀನಮ್ಮ,
ಕೊಡೆ ಮರೆತು
ಎದ್ದರು.